ಅಂಗಡಿ ಕಂಪ್ಯೂಟರ್‌ನಾಗಿನ ಫೈಲು ಗೂಗಲ್ ಡ್ರೈವ್‌ನಾಗ ಇಡೋದು ಹೆಂಗ

ಹೋದ ಬ್ಯಾಸಿಗ್ಯಾಗ ರಾಯಚೂರಿನ ನಮ್ಮ ಡಿಟಿಪಿ ಅಂಗಡ್ಯಾಗ ಹಾರ್ಡ್ ಡಿಸ್ಕ್ ಕೆಟ್ಟುಹೋತು. ಎರಡು ದಿನ ಟಿಕ್ ಟಿಕ್ ಅಂತ ಸಪ್ಪಳ ಬಂತು, ಮೂರನೇ ದಿನ ಆನೇ ಆಗ್ಲಿಲ್ಲ. ಎಂಟು ವರ್ಷದ ಲಗ್ನಪತ್ರಿಕೆ ಡಿಸೈನು, ಗಿರಾಕಿಗಳ ಫೋಟೋ ಎಲ್ಲಾ ಅದರಾಗೇ ಇದ್ವು. ಒಬ್ಬ ಅಜ್ಜಿ ತೀರಿಹೋದ ಯಜಮಾನ್ರ ಫೋಟೋ ಇನ್ನೊಂದು ಕಾಪಿ ಬೇಕು ಅಂತ ಬಂದ್ರು, ಅವರ ಹತ್ರನೂ ಒರಿಜಿನಲ್ ಇರಲಿಲ್ಲ, ನನಗ ಕೊಡ್ಲಿಕ್ಕೆ ಆಗ್ಲಿಲ್ಲ. ಸ್ಟುಡಿಯೋ ಇರ್ಲಿ, ಅಕ್ಕಿ ಗಿರಣಿ ಲೆಕ್ಕ ಇರ್ಲಿ, ಫೈಲಿನ ಒಂದು ಕಾಪಿ ಗೂಗಲ್ ಡ್ರೈವ್‌ನಾಗ (ಇಂಟರ್ನೆಟ್ ಮ್ಯಾಲೆ ಗೂಗಲ್ ಕೊಡೋ ಜಾಗ) ಇರ್ಲಿಕ್ಕೆ ಇವತ್ತೇ ಕುಂತು ಇಷ್ಟು ಮಾಡ್ರಿ.

ಮೊದಲು ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಅಂತ ಚೆಲ್ಲಾಪಿಲ್ಲಿ ಬಿದ್ದಿದ್ದನ್ನ ಡಿ ಡ್ರೈವ್‌ನಾಗ "ಕೆಲಸ" ಅಂತ ಒಂದೇ ಫೋಲ್ಡರ್ ಮಾಡಿ ತುಂಬ್ರಿ. ಆಮೇಲೆ ಅದರ ಸೈಜ್ ನೋಡ್ರಿ. ಗೂಗಲ್‌ನಾಗ ಫ್ರೀ ಸಿಗೋದು 15 ಜಿಬಿ, ಅದೂ ಜಿಮೇಲ್, ಫೋಟೋಸ್ ಎಲ್ಲಾ ಸೇರಿ. ಮೈಕ್ರೋಸಾಫ್ಟ್‌ನವರ ಒನ್‌ಡ್ರೈವ್‌ನಾಗ 5 ಜಿಬಿ. ಬರೀ ಲೆಕ್ಕದ ಫೈಲಿದ್ರ ಅಷ್ಟು ಸಾಕು, ಫೋಟೋ ಕೆಲಸ ಇದ್ರ ರೊಕ್ಕ ಕೊಟ್ಟು 100 ಜಿಬಿ ಪ್ಲಾನ್ ತಗೊಳ್ರಿ, ನನ್ನ ಪ್ರಕಾರ ಅದು ದಂಡ ಅಲ್ಲ.

"ಗೂಗಲ್ ಡ್ರೈವ್ ಫಾರ್ ಡೆಸ್ಕ್‌ಟಾಪ್" ಇಳಿಸಿಕೊಂಡು ಸೈನ್ ಇನ್ ಆಗ್ರಿ. ಕೆಳಗ ಗಡಿಯಾರದ ಬಾಜೂಕ ಅದರ ಐಕಾನ್ ಬರ್ತದ, ಒತ್ತಿ ಗಿಯರ್ ಚಿತ್ರ, ಅದರಾಗ ಪ್ರಿಫರೆನ್ಸಸ್, ಆಮೇಲೆ ಆ್ಯಡ್ ಫೋಲ್ಡರ್, "ಕೆಲಸ" ಆರಿಸಿ, ಸಿಂಕ್ ವಿತ್ ಗೂಗಲ್ ಡ್ರೈವ್‌ಗೆ ಟಿಕ್ ಹಾಕಿ ಸೇವ್ ಮಾಡ್ರಿ. ಮೊದಲನೇ ಸಲ ಭಾಳ ಹೊತ್ತು ಹಿಡೀತದ, 10 ಎಂಬಿಪಿಎಸ್ ಅಪ್‌ಲೋಡ್ ಸ್ಪೀಡ್ ಇದ್ರ 50 ಜಿಬಿಗೆ ಹತ್ತಿರ ಹತ್ತಿರ 11 ತಾಸು, ಅದಕ್ಕ ರಾತ್ರಿ ಹಚ್ಚಿಟ್ಟು ಹೋಗ್ರಿ, ಕಂಪ್ಯೂಟರ್ ಸ್ಲೀಪ್‌ಗೆ ಹೋಗದಂಗ ಸೆಟ್ಟಿಂಗ್ ಬದಲು ಮಾಡ್ರಿ, ನಡುವೆ ಕರೆಂಟ್ ಹೋದ್ರೂ ಹೆದರಬ್ಯಾಡ್ರಿ, ಮತ್ತ ಆನ್ ಮಾಡಿದಾಗ ಉಳಿದ ಫೈಲು ತಾನೇ ಹೋಗ್ತಾವ.

ಈಗ ಹೇಳೋದನ್ನ ಮಾತ್ರ ಗಮನ ಇಟ್ಟು ಓದ್ರಿ. ಸಿಂಕ್ ಅಂದ್ರ ಎರಡೂ ಕಡೆ ಫೈಲು ಒಂದೇ ಥರ ಇಡೋದು, ಅದು ಪೂರ್ತಿ ಬ್ಯಾಕಪ್ (ಬ್ಯಾರೆ ತೆಗೆದಿಟ್ಟ ಕಾಪಿ) ಅಲ್ಲ. ನೀವು ಇಲ್ಲಿ ಫೈಲ್ ಅಳಿಸಿದ್ರ ಅಲ್ಲೂ ಅಳೀತದ, ಟ್ರ್ಯಾಶ್‌ನಾಗ 30 ದಿನ ಇರ್ತದ ಅಷ್ಟೇ. ಹುಡುಗ ತಪ್ಪಿ ಡಿಲೀಟ್ ಮಾಡಿದ್ದು ಎರಡು ತಿಂಗಳ ಮ್ಯಾಲೆ ಗೊತ್ತಾದ್ರ ಏನು ಮಾಡ್ತೀರಿ? ಅದಕ್ಕ ನಾನು ಪ್ರತಿ ತಿಂಗಳು 1ನೇ ತಾರೀಖು ಹೊಸಾ ಕೆಲಸ ಎಲ್ಲಾ ಜಿಪ್ ಮಾಡಿ (ಒಂದೇ ಫೈಲಾಗಿ ಕಟ್ಟಿ), ಹೆಸರಿನಾಗ ತಿಂಗಳು ವರ್ಷ ಹಾಕಿ, ಬ್ರೌಸರ್‌ನಿಂದ ಡ್ರೈವ್‌ನ ಬ್ಯಾರೆ ಫೋಲ್ಡರ್‌ಗೆ ಹಾಕ್ತೀನಿ. ಅದೇ ಜಿಪ್ ಒಂದು ಎಕ್ಸ್‌ಟರ್ನಲ್ ಡಿಸ್ಕ್‌ಗೂ ಹಾಕಿ ಮನ್ಯಾಗ ಇಡ್ತೀನಿ, ಅಂಗಡ್ಯಾಗ ಅಲ್ಲ.

ಗೂಗಲ್ ಅಕೌಂಟ್‌ಗೆ ಟೂ ಸ್ಟೆಪ್ ವೆರಿಫಿಕೇಶನ್ (ಪಾಸ್‌ವರ್ಡ್ ಜೊತಿಗೆ ಇನ್ನೊಂದು ಖಾತ್ರಿ ಕೇಳೋದು) ಆನ್ ಮಾಡಿ ಅದು ಕೊಡೋ ಬ್ಯಾಕಪ್ ಕೋಡ್ ಹಾಳ್ಯಾಗ ಬರೆದಿಟ್ಕೊಳ್ರಿ, ಫೋನ್ ಕಳೆದ್ರ ಅದೇ ಕೀಲಿ.

ಎಲ್ಲಾ ಆದ ಮ್ಯಾಲೆ ಬ್ಯಾರೆ ಕಂಪ್ಯೂಟರ್‌ನಾಗ ಡ್ರೈವ್ ತೆಗೆದು "ಕಂಪ್ಯೂಟರ್ಸ್" ಅನ್ನೋದರಾಗಿಂದ ನಾಕು ಫೈಲು ಇಳಿಸಿ ತೆಗೆದು ನೋಡ್ರಿ. ನಾನು ತಮ್ಮನ ಲ್ಯಾಪ್‌ಟಾಪ್‌ನಾಗ ನೋಡಿದೆ, ಫೋಟೋ ಚಲೋ ಬಂದ್ವು, ಆದ್ರ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಾಗ ಟೈಪ್ ಮಾಡಿದ ಹಳೇ ಪತ್ರಿಕೆ ತೆಗೆದ್ರ "ಶುಭ ವಿವಾಹ" ಇರೋ ಜಾಗದಾಗ ಅರ್ಥ ಇಲ್ಲದ ಇಂಗ್ಲಿಷ್ ಅಕ್ಷರ. ಅವು ಯೂನಿಕೋಡ್ (ಈಗ ಎಲ್ಲಾ ಕಂಪ್ಯೂಟರ್‌ನಾಗ ನಡೆಯೋ ಅಕ್ಷರ ಪದ್ಧತಿ) ಅಲ್ಲ, ಆ ಲ್ಯಾಪ್‌ಟಾಪ್‌ನಾಗ ಆ ಫಾಂಟ್ ಇರಲಿಲ್ಲ. ಅವತ್ತೇ ನುಡಿ, ಅಂಥದೇ ಇನ್ನೊಂದು ಸಾಫ್ಟ್‌ವೇರ್ "ಬರಹ", ಎರಡರ ಫಾಂಟ್ ಎಲ್ಲಾ ಕಾಪಿ ಮಾಡಿ "ಕೆಲಸ" ಫೋಲ್ಡರ್‌ಗೇ ಹಾಕಿದೆ, ನೀವೂ ಹಾಕ್ರಿ.