ಕನ್ನಡ ವಿಕಿಪೀಡಿಯದ ನಕ್ಷೆ: ಚುಕ್ಕಿ ಇಡುವುದು ಸುಲಭ, ಹೆಸರಿಡುವುದೇ ಕಷ್ಟ

ಕನ್ನಡ ವಿಕಿಪೀಡಿಯದ ಲೇಖನಗಳು 30 ಸಾವಿರ ದಾಟಿವೆ. ಒಂದೊಂದನ್ನೂ ಒಂದು ಚುಕ್ಕಿಯಾಗಿಸಿ, ವಿಷಯ ಹತ್ತಿರವಿದ್ದವು ಹತ್ತಿರವೇ ಬರುವಂತೆ ಬ್ರೌಸರ್‌ನಲ್ಲಿ ಹರಡಿದೆವು. ಸಲಕರಣೆಗಳೆಲ್ಲ ಉಚಿತ. ಆದರೆ ಇಂಗ್ಲಿಷಿನ ಅಳತೆಗೆ ಹೊಲಿದ ಅಂಗಿಗಳು. ಕನ್ನಡಕ್ಕೆ ತೊಡಿಸಿದಾಗ ಎಲ್ಲಿ ಬಿಗಿಯುತ್ತದೆ ಎಂಬುದಷ್ಟೇ ಇಲ್ಲಿ ಹೇಳುವಂಥದ್ದು.

ವಿಕಿಮೀಡಿಯದ ಡಂಪ್‌ನಿಂದ (ಎಲ್ಲ ಲೇಖನಗಳ ಒಟ್ಟು ಕಡತ) ಬರಿ ಪಠ್ಯ ತೆಗೆದ ಮೇಲೆ ಮೊದಲು ಎನ್‌ಎಫ್‌ಸಿ ಮಾಡಿ, ಅಂದರೆ ಒಂದೇ ಅಕ್ಷರದ ಬೇರೆಬೇರೆ ಸಂಕೇತ ರೂಪಗಳನ್ನು ಒಂದೇ ರೂಪಕ್ಕೆ ತನ್ನಿ. ‘ಕೋ’ ಅಕ್ಷರವನ್ನು ಯೂನಿಕೋಡ್‌ನಲ್ಲಿ ಒಂದಕ್ಕಿಂತ ಹೆಚ್ಚು ಬಗೆಯಾಗಿ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆಬೇರೆ. ಅಕ್ಷರಗಳು ಕೂಡುವುದನ್ನು ನಿಯಂತ್ರಿಸುವ, ಕಣ್ಣಿಗೆ ಕಾಣದ ಜಾಯ್ನರ್ ಸಂಕೇತಗಳನ್ನು ಪದ ಎಣಿಸುವ ಪ್ರತಿಯಲ್ಲಿ ಮಾತ್ರ ತೆಗೆಯಿರಿ. ತೋರಿಸುವ ಪ್ರತಿಯಲ್ಲೂ ತೆಗೆದರೆ ರಾಜ್‌ಕುಮಾರ್ ಹೋಗಿ ರಾಜ್ಕುಮಾರ್ ಆಗುತ್ತದೆ. 300 ಅಕ್ಷರಕ್ಕಿಂತ ಚಿಕ್ಕ ಲೇಖನಗಳನ್ನು ಕೈಬಿಟ್ಟೆವು. ಒಂದೇ ಅಚ್ಚಿನಲ್ಲಿ ಬರೆದ ಹಳ್ಳಿಗಳ ಚುಟುಕು ಪುಟಗಳು ವಿಷಯಕ್ಕಲ್ಲ, ಅಚ್ಚಿಗೇ ಗುಂಪುಗೂಡುತ್ತವೆ.

ಲೇಖನದ ಅರ್ಥವನ್ನು ಅಂಕಿಗಳ ಸಾಲಾಗಿಸುವ ವೆಕ್ಟರ್‌ಗೆ ಮಲ್ಟಿಲಿಂಗ್ವಲ್-ಇ5-ಬೇಸ್ ಎಂಬ ಮಾದರಿ ಬಳಸಿದೆವು: 768 ಆಯಾಮ (ಸಾಲಿನ ಅಂಕಿಗಳು), 512 ಟೋಕನ್ (ಪದದ ತುಣುಕು) ಮಿತಿ. ಲೇಖನಗಳನ್ನು ವಿಷಯವಾರು ಗುಂಪು ಮಾಡುವ ಬರ್ಟಾಪಿಕ್ ಸಲಕರಣೆಯಲ್ಲಿ ‘ಮಲ್ಟಿಲಿಂಗ್ವಲ್’ ಎಂದು ಆರಿಸಿದರೆ ಬರುವ ಮಿನಿಎಲ್‌ಎಂ ಮಾದರಿಯ ತರಬೇತಿ ಪಟ್ಟಿಯಲ್ಲಿ ಕನ್ನಡವೇ ಇಲ್ಲ, ಅದನ್ನು ನಂಬಬೇಡಿ. 30 ಸಾವಿರ ವೆಕ್ಟರ್‌ಗಳಿಗೆ ಸುಮಾರು 92 ಎಂಬಿ ಸಾಕು, ಮಾಮೂಲಿ ಲ್ಯಾಪ್‌ಟಾಪ್ ತಡೆಯುತ್ತದೆ.

ಆಯಾಮಗಳನ್ನು ಕುಗ್ಗಿಸುವ ಯುಮ್ಯಾಪ್ ಅನ್ನು ಎರಡು ಸಲ ಓಡಿಸಿ. ಗುಂಪು ಮಾಡಲು 5 ಆಯಾಮಕ್ಕೆ, ಮಿನ್-ಡಿಸ್ಟ್ (ಚುಕ್ಕಿಗಳ ನಡುವಿನ ಕನಿಷ್ಠ ಅಂತರ) 0. ಚಿತ್ರಕ್ಕೆ 2 ಆಯಾಮ, ಮಿನ್-ಡಿಸ್ಟ್ 0.1. ಎರಡಕ್ಕೂ ದೂರದ ಅಳತೆ ಕೊಸೈನ್, ನೈಬರ್ಸ್ (ಗಮನಿಸುವ ನೆರೆಯ ಚುಕ್ಕಿಗಳು) 15. ದಟ್ಟಣೆ ನೋಡಿ ಗುಂಪು ಮಾಡುವ ಎಚ್‌ಡಿಬಿಸ್ಕ್ಯಾನ್ ಯಾವ ಗುಂಪಿಗೂ ಸೇರಿಸದೆ -1 ಎಂದು ಗುರುತಿಸಿದ ಚುಕ್ಕಿಗಳನ್ನು ಅಳಿಸದೆ ಬೂದು ಬಣ್ಣದಲ್ಲಿ ಬಿಡಿ. ನಕ್ಷೆಯಲ್ಲಿ ದ್ವೀಪದಂತೆ ಕಾಣುವ ಗುಂಪಿನ ಒಳಗಿನ ನೆರೆಹೊರೆ ನಂಬಬಹುದು, ದ್ವೀಪ-ದ್ವೀಪಗಳ ನಡುವಿನ ದೂರಕ್ಕೆ ಅಷ್ಟು ಅರ್ಥವಿಲ್ಲ. ನೋಡುವವರಿಗೆ ಇದನ್ನು ಪುಟದಲ್ಲೇ ಬರೆದು ತಿಳಿಸುವುದು ಒಳ್ಳೆಯದು.

ನಿಜವಾದ ಪೇಚು ಗುಂಪಿನ ಹೆಸರಿನದು. ಗುಂಪಿನ ಲೇಖನಗಳ ಪದಗಳಿಂದಲೇ ಅದರ ಹೆಸರು, ಅಂದರೆ ಲೇಬಲ್, ಆಗುತ್ತದೆ. ಆ ಪದ ಎಣಿಸುವ ಸೈಕಿಟ್-ಲರ್ನ್‌ನ (ಪೈಥಾನ್ ಸಲಕರಣೆ) ಕೌಂಟ್‌ವೆಕ್ಟರೈಜರ್ ಪದ ಬಿಡಿಸಲು ಬಳಸುವ ರೆಗೆಕ್ಸ್‌ಗೆ (ಪದ ಗುರುತಿಸುವ ನಿಯಮ) ಸ್ವರಚಿಹ್ನೆ, ಹಲಂತ ಯಾವುದೂ ಅಕ್ಷರವಲ್ಲ. ‘ಕನ್ನಡ’ ಒಡೆದು ‘ಕನ’, ‘ನಡ’ ಆಗುತ್ತದೆ. ‘ಕೆರೆ’ ಪೂರ್ತಿ ಮಾಯ: ಉಳಿಯುವ ‘ಕ’, ‘ರ’ ಒಂಟಿ ಅಕ್ಷರಗಳಾದ್ದರಿಂದ ಎರಡೂ ಬಿದ್ದುಹೋಗುತ್ತವೆ. ದೋಷಸೂಚನೆ ಏನೂ ಬರುವುದಿಲ್ಲ, ಲೇಬಲ್‌ಗಳು ಮಾತ್ರ ಹುಚ್ಚುಹುಚ್ಚಾಗಿರುತ್ತವೆ. ಯೂನಿಕೋಡ್‌ನ ಕನ್ನಡ ವಿಭಾಗದ ಸಂಕೇತಗಳ ಸತತ ಸಾಲನ್ನೇ ಒಂದು ಪದವೆಂದು ಎಣಿಸುವ ನಿಯಮ ಕೊಟ್ಟರೆ ಸರಿಹೋಗುತ್ತದೆ. ‘ಮತ್ತು’, ‘ಎಂದು’, ‘ಆಗಿದೆ’ಗಳಂಥ, ಲೇಬಲ್‌ಗೆ ಬೇಡದ ಪದಗಳ ಪಟ್ಟಿಯನ್ನು ಕೈಯಿಂದಲೇ ಮಾಡಬೇಕು. ಆಮೇಲೂ ದೇವಾಲಯ, ದೇವಾಲಯದ, ದೇವಾಲಯವು ಮೂರೂ ಲೇಬಲ್‌ಗೆ ನುಗ್ಗುತ್ತವೆ. ಆರಂಭ ಒಂದೇ ಆಗಿರುವ ಪದಗಳಲ್ಲಿ ಅತಿ ಚಿಕ್ಕದನ್ನಷ್ಟೇ ಉಳಿಸಿಕೊಂಡೆವು. ಒರಟು ಉಪಾಯವೇ, ಆದರೆ ನಡೆಯುತ್ತದೆ.

ಬ್ರೌಸರ್‌ನಲ್ಲಿ ಇಷ್ಟು ಚುಕ್ಕಿಗಳನ್ನು ಎಸ್‌ವಿಜಿಯಲ್ಲಿ (ಒಂದೊಂದು ಚುಕ್ಕಿಯೂ ಬೇರೆ ಆಕೃತಿಯಾಗುವ ಚಿತ್ರವಿಧಾನ) ಇಟ್ಟರೆ ಜೂಮ್ ತಡವರಿಸುತ್ತದೆ, ಗ್ರಾಫಿಕ್ಸ್ ಚಿಪ್‌ನಿಂದ ಬಿಡಿಸುವ ಡೆಕ್.ಜಿಎಲ್ ಹಗುರ. ಆದರೆ ಅದರ ಪಠ್ಯ ತೋರಿಸುವ ಟೆಕ್ಸ್ಟ್‌ಲೇಯರ್ ಒಂದೊಂದೇ ಸಂಕೇತವನ್ನು ಬಿಡಿಬಿಡಿಯಾಗಿ ಅಂಟಿಸುವುದರಿಂದ ಒತ್ತಕ್ಷರ ಚದುರುತ್ತದೆ. ಚುಕ್ಕಿಗಳನ್ನು ಅಲ್ಲೇ ಬಿಟ್ಟು, ಲೇಬಲ್‌ಗಳನ್ನು ಮೇಲೊಂದು ಎಚ್‌ಟಿಎಂಎಲ್ ಪದರದಲ್ಲಿ ಇಡಿ. x, y ಸ್ಥಾನಗಳು ಬೈನರಿಯಲ್ಲಿ 240 ಕೆಬಿ ಅಷ್ಟೇ. ಲೇಖನದ ಪಠ್ಯ ಕ್ಲಿಕ್ ಮಾಡಿದಾಗ ಬಂದರೆ ಸಾಕು.

ಹುಡುಕಾಟಕ್ಕೆ ಪದದ ಆರಂಭ ಹೊಂದಿಸಿದರೆ ‘ಕೆರೆ’ಗೆ ‘ಕೆರೆಯ’, ‘ಕೆರೆಗಳಲ್ಲಿ’ ಸಿಗುತ್ತವೆ, ‘ಊರು’ಗೆ ‘ಊರಿನ’ ಸಿಗದು. ಟೈಪಿಸಿದ ಪದ ಉಕಾರದಲ್ಲಿ ಮುಗಿದರೆ ಆ ಚಿಹ್ನೆ ಕಳಚಿ ಹುಡುಕುವಂತೆ ಮಾಡಿ.