ಸರ್ವರ್‌ಗೆ ಟಿ-ಶಾರ್ಕ್ ಹಾಕಿ, ಕುರುಹು ಉಳಿಯದಂತೆ ತೆಗೆದ ಬಗೆ

ಮಿರರ್ ಪೋರ್ಟ್ (ಉಳಿದ ಪೋರ್ಟ್‌ಗಳ ಸಂಚಾರದ ನಕಲು ಕೊಡುವ ಪೋರ್ಟ್) ಇಲ್ಲದ ಸಾಧಾರಣ ಸ್ವಿಚ್ ಇರುವಲ್ಲಿ, ಬಿಲ್ಲಿಂಗ್ ಸರ್ವರ್ ಒಂದರಿಂದಲೇ ಎರಡನೆಯ ಡಿಎಚ್‌ಸಿಪಿಯನ್ನು (ಕಂಪ್ಯೂಟರ್‌ಗಳಿಗೆ ಐಪಿ ವಿಳಾಸ ಹಂಚುವ, ಅಲ್ಲಿ ಇರಬಾರದ ಇನ್ನೊಂದು ಸಾಧನವನ್ನು) ಹಿಡಿಯಲಾಗದು ಎಂದು ಮೈಸೂರಿನ ನಮ್ಮ ವೃತ್ತಿಮಿತ್ರರು ವಾದಿಸುತ್ತಲೇ ಇದ್ದರು. ಹೆಬ್ಬಾಳ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಅದನ್ನು ಹಿಡಿದೆ. ಅಲ್ಲಿ ಬೆಳಗಿನ ಪಾಳಿ ಶುರುವಾದೊಡನೆ ಸುಮಾರು 40 ಕಂಪ್ಯೂಟರ್‌ಗಳ ಪೈಕಿ ಏಳೆಂಟಕ್ಕೆ ಸರ್ವರ್ ಸಿಗುತ್ತಿರಲಿಲ್ಲ. ಮಿರರ್ ಪೋರ್ಟ್ ಸಿಗುವ ಮ್ಯಾನೇಜ್ಡ್ ಸ್ವಿಚ್ ಹಾಕಿಸಿ ಎಂದು ಬೇರೊಬ್ಬರು 35 ಸಾವಿರ ರೂಪಾಯಿಯ ಆಸುಪಾಸಿನ ಕೊಟೇಶನ್ ಕೊಟ್ಟಿದ್ದರು. ಮಾಲೀಕರು ಉಬುಂಟು ಸರ್ವರನ್ನು ಮುಟ್ಟಲು ಬಿಟ್ಟದ್ದು ಒಂದೇ ಷರತ್ತಿನ ಮೇಲೆ: ಕೆಲಸ ಮುಗಿದಾಗ ಅದರಲ್ಲಿ ನನ್ನದೇನೂ ಉಳಿಯಕೂಡದು.

ಆದ್ದರಿಂದ ಮೊದಲು ಉಬುಂಟುವಿನ ಪ್ಯಾಕೇಜ್ ನಿರ್ವಾಹಕ ಡಿಪಿಕೆಜಿಯ ಗೆಟ್-ಸೆಲೆಕ್ಷನ್ಸ್ ಪಟ್ಟಿಯನ್ನು, ಅಂದರೆ ಸರ್ವರ್‌ನಲ್ಲಿರುವ ಪ್ಯಾಕೇಜ್‌ಗಳ ಪಟ್ಟಿಯನ್ನು, ಒಂದು ಫೈಲಿಗೆ ಇಳಿಸಿಕೊಂಡೆ. ಜಾಲದಲ್ಲಿ ಓಡಾಡುವ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ಅನ್ನು ಪೂರ್ಣವಾಗಿ ಹಾಕಿದರೆ ಅದರ ಕಿಟಕಿಗಳಿಗೆ ಬೇಕಾದ ಕ್ಯೂಟಿ ಲೈಬ್ರರಿಗಳ ದೊಡ್ಡ ಗಂಟೇ ಇಳಿಯುವುದರಿಂದ, ಪ್ಯಾಕೇಜ್ ತರಿಸುವ ಎಪಿಟಿಯಲ್ಲಿ ಅದರ ಕಮಾಂಡ್-ಸಾಲಿನ ರೂಪವಾದ ಟಿ-ಶಾರ್ಕ್ ಒಂದನ್ನೇ ಕೇಳಿದೆ. ತಾನಾಗಿ ನಡೆಯುವ ಅಪ್‌ಡೇಟ್ ಡಿಪಿಕೆಜಿ ಲಾಕ್ ಹಿಡಿದಿದ್ದರಿಂದ ಮೊದಲ ಯತ್ನ ನಿಂತಿತು. ಲಾಕ್ ಫೈಲ್ ಅಳಿಸುವ ಅವಸರಕ್ಕೆ ಹೋಗದೆ ಕಾದೆ. ಸ್ಕ್ರಿಪ್ಟ್‌ನಿಂದ ಪ್ರಶ್ನೆ ಕೇಳದಂತೆ ಹಾಕಿದಾಗ ಇನ್ನೊಂದು ತೊಡಕು ಬಂತು. ಸಾಮಾನ್ಯ ಬಳಕೆದಾರರು ಪ್ಯಾಕೆಟ್ ಹಿಡಿಯಬಹುದೇ ಎಂಬುದಕ್ಕೆ ಅದು ಬೇಡವೆಂಬ ಉತ್ತರವನ್ನೇ ತೆಗೆದುಕೊಳ್ಳುವುದರಿಂದ ನೆಟ್‌ವರ್ಕ್ ಇಂಟರ್‌ಫೇಸ್‌ಗಳೇ ಕಾಣಲಿಲ್ಲ. ವೈರ್‌ಶಾರ್ಕ್-ಕಾಮನ್ ಅನ್ನು ಡಿಪಿಕೆಜಿ-ರೀಕಾನ್ಫಿಗರ್ ಮಾಡಿ ಆ ಪ್ರಶ್ನೆಗೆ ಹೌದೆಂದು ಉತ್ತರಿಸಿ, ವೈರ್‌ಶಾರ್ಕ್ ಗುಂಪಿಗೆ ಸೇರಿ, ಲಾಗ್‌ಔಟ್ ಆಗಿ ಬಂದ ಮೇಲೆ ದಾರಿಗೆ ಬಂತು. ಸುಡೊ ಹಾಕಿ, ಅಂದರೆ ನಿರ್ವಾಹಕನ ಅಧಿಕಾರದಲ್ಲಿ, ಓಡಿಸುವವರು ಬಹಳ, ನಾನು ಓಡಿಸುವುದಿಲ್ಲ.

ಇತರ ಯಂತ್ರಗಳಿಗೆ ನೇರವಾಗಿ ಹೋಗುವ ಆಫರ್ (ವಿಳಾಸ ಕೊಡುತ್ತೇನೆಂಬ ಡಿಎಚ್‌ಸಿಪಿಯ ಉತ್ತರ) ನಮ್ಮ ಪೋರ್ಟ್‌ಗೆ ಬರದೇ ಇರಬಹುದು, ನಿಜ. ಆದರೆ ಹೊಸದಾಗಿ ವಿಳಾಸ ಪಡೆಯುವ ಯಂತ್ರ ಕಳಿಸುವ ರಿಕ್ವೆಸ್ಟ್ ಬ್ರಾಡ್‌ಕಾಸ್ಟ್ ಆಗಿ ಎಲ್ಲ ಪೋರ್ಟ್‌ಗಳಿಗೂ ಬರುತ್ತದೆ, ಮತ್ತು ತಾನು ಆರಿಸಿಕೊಂಡ ಸರ್ವರ್‌ನ ವಿಳಾಸವನ್ನು ಆಪ್ಷನ್ 54 ಎಂಬ ಅಂಕಣದಲ್ಲಿ ಹೊತ್ತಿರುತ್ತದೆ. ಡಿಎಚ್‌ಸಿಪಿ ಬಳಸುವ ಯುಡಿಪಿ ಪೋರ್ಟ್ 67 ಮತ್ತು 68ಕ್ಕೆ ಮಾತ್ರ ಫಿಲ್ಟರ್ ಕಟ್ಟಿ ಕುಳಿತಾಗ, ಬೆಳಗಿನ ಪಾಳಿಯಲ್ಲಿ ಅಸಲಿ ಡಿಎಚ್‌ಸಿಪಿಯಾದ 192.168.10.1ರ ಸಾಲುಗಳ ನಡುವೆ 192.168.0.1 ಇಣುಕಿತು. ಯಾರೋ ಲ್ಯಾನ್ ಕಡೆಯಿಂದ ಸಿಕ್ಕಿಸಿದ್ದ ವೈಫೈ ರೂಟರ್ ಅದು; ಅದರಿಂದ ವಿಳಾಸ ಪಡೆದ ಯಂತ್ರಗಳಿಗೇ ಸರ್ವರ್ ಸಿಗುತ್ತಿರಲಿಲ್ಲ. ಅದು ಯಾವ ಕೋಣೆಯಲ್ಲಿದೆ ಎಂಬುದನ್ನು ಕುಳಿತಲ್ಲಿಂದಲೇ ಕಂಡುಕೊಂಡ ಬಗೆ ನನ್ನ ಹೊಟ್ಟೆಪಾಡಿನದು, ಇಲ್ಲಿ ಬರೆಯುವುದಿಲ್ಲ.

ಉಬುಂಟು ಸರ್ವರ್‌ನಲ್ಲಿ ಸಾಮಾನ್ಯವಾಗಿ ಮೊದಲೇ ಇರುವ, ಪ್ಯಾಕೆಟ್ ಹಿಡಿಯುವ ಇನ್ನೊಂದು ಸಲಕರಣೆಯಾದ ಟಿಸಿಪಿ-ಡಂಪ್‌ನಲ್ಲೂ ಇದನ್ನು ನೋಡಿದ್ದೆ. ಆಪ್ಷನ್ 54 ಅದರಲ್ಲೂ ಕಾಣುತ್ತದೆಯಾದರೂ, ಬೇಕಾದ ಅಂಕಣಗಳನ್ನಷ್ಟೇ ಕಿತ್ತು ಮಾಲೀಕರಿಗೆ ತೋರಿಸಲು ಟಿ-ಶಾರ್ಕ್ ವಾಸಿ. ಮಂಡ್ಯದ ಗೆಳೆಯರ ಅಂಗಡಿಯಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಟಿ-ಶಾರ್ಕ್ ಅನ್ನು ಫಿಲ್ಟರ್ ಇಲ್ಲದೆ ಬಿಟ್ಟಾಗ ಮೆಮೊರಿ ಕಾರ್ಡ್ ತುಂಬಿಹೋಗಿತ್ತು. ಫಿಲ್ಟರ್ ಕಟ್ಟಿದ ಮೇಲೆ ಇಡೀ ರಾತ್ರಿಗೆ ಕೆಲವು ನೂರು ಕೆಬಿಯಷ್ಟೇ ಆಯಿತು.

ತೆಗೆಯುವುದರಲ್ಲೇ ನಿಜವಾದ ಕುಶಲತೆ ಇರುವುದು. ಬರೀ ರಿಮೂವ್ ಕೊಟ್ಟು ಪಟ್ಟಿಗಳನ್ನು ಹೋಲಿಸಿದರೆ ಡಿಇನ್‌ಸ್ಟಾಲ್ ಎಂಬ ಸಾಲುಗಳು ಹಾಗೇ ಕಾಣುತ್ತವೆ, ಏಕೆಂದರೆ ಕಾನ್ಫಿಗ್ ಉಳಿದಿರುತ್ತದೆ. ಕಾನ್ಫಿಗ್ ಸಮೇತ ತೆಗೆಯುವ ಪರ್ಜ್ ಕೊಡಬೇಕು. ಬೇಡವಾದ ಪ್ಯಾಕೇಜ್‌ಗಳನ್ನು ಒಟ್ಟಿಗೇ ತೆಗೆಯುವ ಆಟೋರಿಮೂವ್ ಅನ್ನು ನಾನು ಕುರುಡಾಗಿ ಒತ್ತುವುದಿಲ್ಲ; ಅದರ ಪಟ್ಟಿಯಲ್ಲಿ ಹಳೆಯ ಕರ್ನಲ್‌ಗಳೂ ಇದ್ದವು, ಹಾಗಾಗಿ ಹಳೆಯ ಪಟ್ಟಿಯಲ್ಲಿ ಇಲ್ಲದಿದ್ದ ಪ್ಯಾಕೇಜ್‌ಗಳನ್ನಷ್ಟೇ ಹೆಸರು ಹಿಡಿದು ಪರ್ಜ್ ಮಾಡಿದೆ. ಹೋಮ್‌ನೊಳಗಿನ ಡಾಟ್-ಕಾನ್ಫಿಗ್ ವೈರ್‌ಶಾರ್ಕ್ ಫೋಲ್ಡರನ್ನೂ ಕ್ಯಾಪ್ಚರ್ ಫೈಲ್‌ಗಳನ್ನೂ ಪರ್ಜ್ ಮುಟ್ಟುವುದಿಲ್ಲ. ಅವನ್ನು ಕೈಯಿಂದಲೇ ಅಳಿಸಬೇಕು.

ಮಾಲೀಕರ ಮುಂದೆಯೇ ಹಿಂದಿನ ಹಾಗೂ ಈಗಿನ ಎರಡೂ ಪಟ್ಟಿಗಳಿಗೆ ವ್ಯತ್ಯಾಸ ತೋರಿಸುವ ಡಿಫ್ ಓಡಿಸಿದೆ; ಒಂದು ಸಾಲೂ ಬರಲಿಲ್ಲ. ನಾನು ಪಡೆದದ್ದು ಸುಮಾರು ನಾಲ್ಕು ಸಾವಿರ ರೂಪಾಯಿ, ಅದೇ ವಾರ ಅವರು ಎರಡನೆಯ ಘಟಕದ ಕೆಲಸವನ್ನೂ ನನಗೇ ವಹಿಸಿದರು.