ಹೊಳಪು ಕಲ್ಲಿನದು, ಕಪ್ಪು ಹೊಗೆಯದು

ಅಮೆರಿಕದ ನ್ಯೂ ಮೆಕ್ಸಿಕೋಗೆ ಬಂದ ಮೇಲೆ ನನಗೆ ಹಿಡಿದ ಹುಚ್ಚು ಅಲ್ಲಿನ ಮೂಲನಿವಾಸಿಗಳಾದ ಪ್ಯೂಬ್ಲೊ ಜನರ ಕಪ್ಪು ಮಡಕೆ. ಸಾಂಟಾ ಕ್ಲಾರಾ, ಸ್ಯಾನ್ ಇಲ್ಡೆಫೊನ್ಸೊ ಊರುಗಳಲ್ಲಿ ಮಾಡುತ್ತಾರಲ್ಲ, ಮುಖ ಕಾಣುವಷ್ಟು ಹೊಳೆಯುವಂಥವು. ಅವಕ್ಕೆ ಗ್ಲೇಜ್, ಅಂದರೆ ಗಾಜಿನಂಥ ಲೇಪ, ಹಚ್ಚುವುದಿಲ್ಲ. ತಿಗರಿ ಇಲ್ಲ, ಆವಿಗೆಯೂ ಇಲ್ಲ. ಸಾಂಟಾ ಕ್ಲಾರಾದ ಹೆಂಗಸೊಬ್ಬರು ಹೇಳಿಕೊಟ್ಟ ಕ್ರಮದಲ್ಲೇ ನಾನು ಮಾಡುತ್ತೇನೆ. ಮಣ್ಣು ಮಾತ್ರ ಅಂಗಡಿಯದು. ಅವರ ಮಣ್ಣಿನ ಜಾಗ ಅವರಿಗೆ ಪವಿತ್ರ, ಅಲ್ಲಿಗೆ ನಾನು ಕೈ ಹಾಕುವುದಿಲ್ಲ.

ಅವರು ಜೇಡಿಮಣ್ಣಿಗೆ ನುಣ್ಣನೆಯ ಜ್ವಾಲಾಮುಖಿ ಬೂದಿ ಬೆರೆಸುತ್ತಾರೆ. ಅದರಿಂದ ಒಣಗುವಾಗ, ಸುಡುವಾಗ ಬಿರುಕು ಕಡಿಮೆ. ತಳವನ್ನು ಪುಕಿ ಅನ್ನುವ ಬಟ್ಟಲಿನಲ್ಲಿ ಕೂರಿಸಿ, ಕೋಡುಬಳೆಗೆ ಹೊಸೆದ ಹಾಗೆ ಮಣ್ಣು ಹೊಸೆದು ಸುತ್ತ ಏರಿಸುತ್ತಾ ಹೋಗಬೇಕು. ಸೋರೆಬುರುಡೆಯ ಚೂರಿನಿಂದ ಒಳಗೆ ಹೊರಗೆ ಕೆರೆದರೆ ಗೋಡೆ ತೆಳುವಾಗುತ್ತದೆ. ಪೂರ್ತಿ ಒಣಗಿದ ಮೇಲೆ ಮರಳುಕಾಗದದಿಂದ ಉಜ್ಜುತ್ತೇನೆ. ಇಷ್ಟು ತಾಳ್ಮೆಯಿದ್ದರೆ ಯಾರಿಗಾದರೂ ಬರುತ್ತದೆ.

ನಿಜವಾದ ಪರೀಕ್ಷೆ ಆಮೇಲೆ. ಕಬ್ಬಿಣದಂಶ ಇರುವ ಕೆಂಪು ಮಣ್ಣನ್ನು ನೀರಲ್ಲಿ ಕದಡಿ, ತೆಳ್ಳಗೆ ಕೆಲವು ಸಲ ಬಳಿಯಬೇಕು. ಅದು ಪೂರ್ತಿ ಆರುವ ಮೊದಲೇ ಹೊಳೆಯ ನುಣುಪು ಕಲ್ಲಿನಿಂದ ತಿಕ್ಕಬೇಕು. ಹಸಿ ಜಾಸ್ತಿಯಿದ್ದರೆ ಬಳಿದದ್ದು ಕಲ್ಲಿಗೆ ಅಂಟಿ ಎದ್ದು ಬರುತ್ತದೆ. ಆರಿದರೆ ಗೀರು ಬೀಳುತ್ತದೆ. ಹಾಗಾಗಿ ಕೂತರೆ ಮುಗಿಯುವವರೆಗೂ ಏಳುವ ಹಾಗಿಲ್ಲ. ಫೋನ್ ಬಂದರೆ ಬರಲಿ! ಒಳ್ಳೆಯ ಕಲ್ಲು ಅಲ್ಲಿನ ಮನೆಗಳಲ್ಲಿ ಅಮ್ಮನಿಂದ ಮಗಳಿಗೆ ಬರುವ ಆಸ್ತಿ. ತಿಕ್ಕಿದಾಗ ಮಣ್ಣಿನ ಸಣ್ಣ ಕಣಗಳು ಒತ್ತೊತ್ತಾಗಿ ಮಲಗಿ ಬೆಳಕು ಚೆದುರದೆ ವಾಪಸ್ ಬರುತ್ತದೆ, ಅಷ್ಟೇ ಗುಟ್ಟು.

ಕಲ್ಲಿನಿಂದ ತಿಕ್ಕಿ ಹೊಳಪು ಕೊಡುವುದು ನಮ್ಮಲ್ಲೂ ಇತ್ತು, ಅಲ್ವಾ? ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಸಿಕ್ಕ ಬೃಹತ್ ಶಿಲಾಯುಗದ ಕಪ್ಪು-ಕೆಂಪು ಮಡಕೆಗಳೂ ತಿಕ್ಕಿ ಮಿಂಚಿಸಿದವೇ.

ಈ ಹಂತದಲ್ಲೂ ಮಡಕೆ ಕೆಂಪಗೇ ಇರುತ್ತದೆ. ಬಯಲಲ್ಲಿ ಕಟ್ಟಿಗೆ ಹೊತ್ತಿಸಿ, ಸುತ್ತ ಬೆರಣಿ ಜೋಡಿಸಿ ಸುಡುತ್ತೇವೆ. ಸುಮ್ನೆ ಸುಟ್ಟರೆ ಕೆಂಪು ಮಡಕೆಯೇ ಸಿಗುವುದು. ಬೆಂಕಿ ಜೋರಾಗಿದ್ದಾಗ ಪುಡಿ ಮಾಡಿದ ಒಣ ಕುದುರೆ ಲದ್ದಿ ಸುರಿದು ಮುಚ್ಚಿದರೆ ಗಾಳಿ ಕಟ್ಟಾಗಿ, ಹೊಗೆಯ ಇಂಗಾಲ ಮಣ್ಣಿಗೆ ಇಳಿದು ಮಡಕೆ ಕಪ್ಪಾಗುತ್ತದೆ. ಕಾವು ಮಿತಿ ಮೀರಿದರೆ ಹೊಳಪು ಹೋಗುತ್ತದೆ. ಗಾಳಿ ಬೀಸುವ ದಿನ ನಾನಂತೂ ಬೆಂಕಿ ಹಚ್ಚುವುದಿಲ್ಲ.

ಸ್ಯಾನ್ ಇಲ್ಡೆಫೊನ್ಸೊದ ಮರಿಯಾ ಮಾರ್ಟಿನೆಜ್ ಮಡಕೆ ಕಟ್ಟಿ ತಿಕ್ಕುತ್ತಿದ್ದರು, ಗಂಡ ಜೂಲಿಯನ್ ಚಿತ್ತಾರ ಬರೆಯುತ್ತಿದ್ದರು. ತಿಕ್ಕಿದ ಮೈ ಮೇಲೆ ಮಣ್ಣಿನ ಬಗ್ಗಡದಿಂದ ಬರೆದು ಸುಟ್ಟರೆ, ಬರೆದ ಭಾಗ ಮಂಕಾಗಿ, ಉಳಿದದ್ದು ಮಿಂಚುತ್ತದೆ. 1919ರ ಸುಮಾರಿಗೆ ಅವರು ಕಂಡುಕೊಂಡ ಈ ಕಪ್ಪಿನ ಮೇಲಿನ ಕಪ್ಪು ಊರಿನ ಬದುಕನ್ನೇ ಬದಲಿಸಿತು. ಅವರ ನೀರಿನ ಹಾವು ಅವನ್ಯುವನ್ನು ನಾನು ಬರೆಯುವುದಿಲ್ಲ. ಅದು ಅವರ ನಂಬಿಕೆಯದು. ನನ್ನವು ಬೋಳು ಮಡಕೆಗಳು.

ನೋಡಿದವರು ಹೂವಿಡಬಹುದಾ ಅಂತ ಕೇಳುತ್ತಾರೆ. ನೀರು ಹಾಕಬೇಡಿ ಅನ್ನುತ್ತೇನೆ. ಕಡಿಮೆ ಕಾವಿನಲ್ಲಿ ಸುಟ್ಟದ್ದು, ನೀರು ಜಿನುಗಿ ಹೊಳಪು ಕೆಡುತ್ತದೆ. ಒಣಗಿದ ಹೂವಾದರೆ ಅಡ್ಡಿಯಿಲ್ಲ.